ಬೆಂಕಿ ಏಜೆಂಟರ ಮನೆಯ ಚಾವಣಿ

ನಾನು ಸೊಸೆಯಾಗಿ ದಾವಣಗೆರೆಗೆ ಬಂದಾಗ ನಮ್ಮ ಮಾವನವರನ್ನು ಪೇಟೆಯಲ್ಲಿ ಎಲ್ಲರೂ ‘ಬೆಂಕಿ ಏಜೆಂಟರು’ ಎಂದೇ ಕರೆಯುತ್ತಿದ್ದರು. ಅವರು ಬೆಂಕಿ ವಿಮೆ ಮಾರುತ್ತಿದ್ದರು. ಹತ್ತಿಯ ಊರು ಅದು. ಗೋದಾಮಿನಲ್ಲಿ ಒಂದು ಕಿಡಿ ಬಿದ್ದರೆ ಸಾಹುಕಾರ ಬೆಳಗಾಗುವುದರೊಳಗೆ ಬೀದಿಗೆ ಬರುತ್ತಿದ್ದ. ಹಾಗಾಗಿ ಮಂಡಿಪೇಟೆಯ ವರ್ತಕರಿಗೆ ಮಾವನವರು ಬೇಕಾಗಿದ್ದರು. ಆದರೆ ಬೆಳಗಿನ ಹೊತ್ತು ಅವರು ಸೈಕಲ್ ಇಳಿದು ಅಂಗಡಿಯ ಮೆಟ್ಟಿಲು ಹತ್ತುವುದು ಯಾರಿಗೂ ಬೇಕಿರಲಿಲ್ಲ. “ಬೋಣಿ ಆಗೋ ಹೊತ್ತಿಗೆ ಬೆಂಕಿ ಮಾತು ಬ್ಯಾಡ್ರಿ, ಊಟ ಆದ ಮ್ಯಾಲೆ ಬರ್ರಿ” ಎಂದು ಕೈಮುಗಿದು ಕಳಿಸುತ್ತಿದ್ದರಂತೆ. ಮಾವನವರು ಬೇಸರ ಮಾಡಿಕೊಳ್ಳುತ್ತಿರಲಿಲ್ಲ. ಮನೆಗೆ ಬಂದು ತಾವೇ ಅದನ್ನು ಹೇಳಿ ನಗುತ್ತಿದ್ದರು. ಕಪ್ಪು ಕೋಟು, ಪಂಚೆ, ಸೈಕಲ್ಲಿನ ಹಿಂದೆ ಕಟ್ಟಿದ ಚರ್ಮದ ಚೀಲ, ಇಷ್ಟೇ ಅವರ ಕಚೇರಿ.

ನಮ್ಮ ಮನೆ ಶಾಮನೂರಿಗೆ ಹೋಗುವ ರಸ್ತೆಯಲ್ಲಿ, ಊರಿನ ಕೊನೆಯ ಸಾಲಿನಲ್ಲಿತ್ತು. ಪಡುವಣ ದಿಕ್ಕಿಗೆ ಜೋಳದ ಹೊಲಗಳು, ಅದರಾಚೆ ಏನೂ ಇಲ್ಲ. ಕಲ್ಲುಮಣ್ಣಿನ ಗೋಡೆ, ಮೇಲೆ ಜಿಂಕ್ ತಗಡು. ಬೇಸಿಗೆಯಲ್ಲಿ ಒಳಗೆ ಕೂತರೆ ಭಟ್ಟಿಯಲ್ಲಿ ಕೂತ ಹಾಗೆ. ಮಾವನವರು ಆ ಮನೆಗೂ ವಿಮೆ ಇಳಿಸಿದ್ದರು. ಬೆಂಕಿಗೆ ಮಾತ್ರವಲ್ಲ, ಬಿರುಗಾಳಿಗೂ ಬೇರೆಯಾಗಿ ಕಂತು ಕಟ್ಟುತ್ತಿದ್ದರು. ಆ ಕಾಲಕ್ಕೆ ವಾಸದ ಮನೆಗೆ ವಿಮೆ ಇಳಿಸಿದವರು ನಮ್ಮ ಬೀದಿಯಲ್ಲಿ ಇನ್ನೊಬ್ಬರಿರಲಿಲ್ಲ. ಅತ್ತೆಯವರಿಗೆ ಅದು ಸ್ವಲ್ಪವೂ ಹಿಡಿಸಿರಲಿಲ್ಲ. “ನಾವಿರೋ ಮನಿ ಸುಟ್ಟು ಹೋಗ್ತೈತಿ ಅಂತ ನಾವೇ ರೊಕ್ಕ ಕಟ್ಟೋದು ಯಾವ ಸೀಮಿ ಶಾಣ್ಯಾತನ?” ಎಂದು ನನ್ನ ಮುಂದೆ ಎಷ್ಟೋ ಸಲ ಅಂದಿದ್ದಾರೆ. ನಾಲ್ಕು ಜನಕ್ಕೆ ಮಾರುವವನು ತಾನೇ ಕೊಳ್ಳದಿದ್ದರೆ ಹೇಗೆ ಎನ್ನುವುದು ಮಾವನವರ ಉತ್ತರ.

ಪಕ್ಕದ ಮನೆಯಲ್ಲಿ ಎಮ್ಮೆ ಕಟ್ಟಿ ಹಾಲು ಮಾರುವ ಒಬ್ಬ ವಿಧವೆ ಇದ್ದಳು. ಅವಳಿಗೂ ನಮ್ಮ ಅತ್ತೆಗೂ ಮಾತು ನಿಂತುಹೋಗಿತ್ತು. ಕಾರಣ ನಮ್ಮ ತಗಡು. ಅಡುಗೆಮನೆಯ ಮೇಲಿನ ಒಂದು ತಗಡಿನ ಅಂಚು ಸಡಿಲಾಗಿ ಗಾಳಿ ಬಂದಾಗಲೆಲ್ಲ ಪಟಪಟ ಬಡಿದುಕೊಳ್ಳುತ್ತಿತ್ತು. ಅವಳು ಮಲಗುವ ಕೋಣೆ ಆ ಕಡೆಗೇ ಇತ್ತು. ಹಲವು ಸಲ ಹೇಳಿದಳು. ಮಾಡಿಸೋಣ ಎಂದು ಅತ್ತೆ ಹಲವು ಸಲ ಅಂದರು. ಕೊನೆಗೆ ಒಂದು ದಿನ ಗೋಡೆಯ ಆಚೆ ಈಚೆ ನಿಂತು ಇಬ್ಬರೂ ಜೋರಾಗಿ ಜಗಳವಾಡಿದರು. ಅಲ್ಲಿಂದ ಮುಂದೆ ಹಾಲು ತರಲು ನಾನೇ ಹೋಗಬೇಕಾಯಿತು. ನನ್ನೊಡನೆ ಅವಳು ಚೆನ್ನಾಗಿಯೇ ಇದ್ದಳು. ನಾನು ಬಸುರಿ ಎಂದು ತಿಳಿದ ಮೇಲೆ ಪಾತ್ರೆಗೆ ಸ್ವಲ್ಪ ಹೆಚ್ಚೇ ಸುರಿಯುತ್ತಿದ್ದಳು.

ಆ ವರ್ಷ ಮುಂಗಾರಿಗೆ ಮೊದಲು, ಬಿಸಿಲು ನೆತ್ತಿ ಸುಡುತ್ತಿದ್ದ ಒಂದು ಮಧ್ಯಾಹ್ನ ಗಾಳಿ ಬಂತು. ಮಾವನವರು ಪೇಟೆಗೆ ಹೋಗಿದ್ದರು. ನನ್ನ ಗಂಡ ಎಂದಿನಂತೆ ಬೆಳಗಿನ ರೈಲಿಗೆ ಹರಿಹರಕ್ಕೆ, ಕಾರ್ಖಾನೆಯ ಕೆಲಸಕ್ಕೆ ಹೋಗಿದ್ದರು. ನಾನು ಮತ್ತು ಅತ್ತೆ ಅಡುಗೆಮನೆಯಲ್ಲಿ ಸಂಡಿಗೆಗೆ ಹಿಟ್ಟು ಕುದಿಸುತ್ತಿದ್ದೆವು. ಪಡುವಣದ ಕಡೆ ಆಕಾಶ ಕಾವಿ ಬಣ್ಣಕ್ಕೆ ತಿರುಗಿತು. ಹೊಲದ ಮಣ್ಣೆಲ್ಲ ಎದ್ದು ನಮ್ಮ ಕಡೆ ನಡೆದು ಬರುತ್ತಿರುವಂತೆ ಕಂಡಿತು. ಅತ್ತೆ ಹೋಗಿ ಮುಂಬಾಗಿಲು ಹಾಕಿ ಬಂದರು. ಅವರು ಮತ್ತೆ ಕೂತರೋ ಇಲ್ಲವೋ, ಪಡಸಾಲೆಯ ಕಡೆಯಿಂದ ಬಟ್ಟೆ ಹರಿದಂಥ ಶಬ್ದ ಕೇಳಿತು. ಕಟ್ಟಿಗೆ ಮುರಿದದ್ದು, ತಗಡು ತಗಡಿಗೆ ಹೊಡೆದದ್ದು ಆಮೇಲೆ. ಆ ಗದ್ದಲಕ್ಕಿಂತ ನನಗೆ ಚೆನ್ನಾಗಿ ನೆನಪಿರುವುದು ಬೆಳಕು. ಹಗಲಿನಲ್ಲೂ ದೀಪ ಬೇಕಾಗುತ್ತಿದ್ದ ನಡುಮನೆ ಇದ್ದಕ್ಕಿದ್ದಂತೆ ಅಂಗಳದಷ್ಟು ಬೆಳ್ಳಗಾಯಿತು. ಗೋಡೆಯ ಮೇಲಿದ್ದ ಪಟಗಳು, ಮೂಲೆಯ ಜೇಡನ ಬಲೆ, ಎಲ್ಲ ಕಂಡವು. ಹಿಂದೆಯೇ ಮಳೆ ಸುರಿಯಿತು, ಜೊತೆಗೆ ಆಲಿಕಲ್ಲು. ಅತ್ತೆ ನನ್ನನ್ನು ಒಲೆಯ ಪಕ್ಕದ ಮೂಲೆಗೆ ತಳ್ಳಿ ಮೈಗೆ ಮೈ ಕೊಟ್ಟು ನಿಂತರು. ಅಡುಗೆಮನೆಯ ತಗಡು ನಮ್ಮ ತಲೆಯ ಮೇಲೆ ಎಂದಿನಂತೆ ಬಡಿದುಕೊಳ್ಳುತ್ತಲೇ ಇತ್ತು, ಕಿತ್ತುಹೋಗಲಿಲ್ಲ.

ಮಳೆ ನಿಂತ ಮೇಲೆ ಹೊರಗೆ ಬಂದು ನೋಡಿದರೆ ಪಡಸಾಲೆ ಮತ್ತು ನಡುಮನೆಯ ಮೇಲೆ ಏನೂ ಉಳಿದಿರಲಿಲ್ಲ. ಗಾಳಿಯ ಸುಳಿಗೆ ಸಿಕ್ಕಿ ಕೆಲವು ತಗಡು ಹೊಲದಲ್ಲಿ ಬಿದ್ದಿದ್ದವು. ಒಂದು ಪಕ್ಕದ ಮನೆಯ ಅಂಗಳಕ್ಕೆ ಹಾರಿ ಎಮ್ಮೆಯ ಬೆನ್ನು ಕೊಯ್ದಿತ್ತು. ಹಾಲಿನಾಕೆ ಎಮ್ಮೆಯ ಕೊರಳು ಅಪ್ಪಿಕೊಂಡು, ತನ್ನ ಸೆರಗನ್ನೇ ಗಾಯಕ್ಕೆ ಒತ್ತಿ ನಿಂತಿದ್ದಳು. ನಮ್ಮ ಕಡೆ ಒಮ್ಮೆ ನೋಡಿ ಮತ್ತೆ ಗಾಯದ ಕಡೆ ತಿರುಗಿದಳು.

ಮಾವನವರು ಬಂದರು. ಸೈಕಲ್ಲನ್ನು ಗೋಡೆಗೆ ಒರಗಿಸಿ, ಒಳಗೆ ಬಂದು, ತಲೆ ಎತ್ತಿ ಆಕಾಶ ನೋಡಿದರು.

“ನಿಮಗೇನೂ ಆಗಿಲ್ಲ ತಾನೆ?” ಎಂದು ಕೇಳಿದರು. ಇಲ್ಲ ಎಂದೆವು. “ಹಂಗಾದ್ರೆ ಅಕ್ಕಿ, ಹಾಸಿಗಿ ಒಳಗಿಡ್ರಿ. ಮಿಕ್ಕಿದ್ದು ಏನೂ ಮುಟ್ಟಬ್ಯಾಡ್ರಿ. ಮುರಿದ ರೀಪು, ಬಿದ್ದ ತಗಡು ಎಲ್ಲಿ ಅದಾವೋ ಅಲ್ಲೇ ಇರಲಿ. ಕಂಪನಿ ಸರ್ವೇಯರ್ ಬಂದು ನಷ್ಟ ನೋಡ್ಬೇಕು.”

“ಹೊಲದಾಗ ಬಿದ್ದ ತಗಡು ಯಾರಾದ್ರೂ ಹೊತ್ಕೊಂಡು ಹೋದ್ರ?” ಎಂದರು ಅತ್ತೆ.

“ಅಲ್ಲಿ ನಾ ಕೂಡ್ತೀನಿ” ಎಂದರು ಮಾವನವರು. ನಿಜವಾಗಿಯೂ ಹೋಗಿ ಕೂತರು. ಹೊಲದವನಿಗೆ ಹೇಳಿ ಬಂದೋಬಸ್ತು ಮಾಡುವವರೆಗೆ ಕೋಟು ತೊಟ್ಟುಕೊಂಡೇ ಬದುವಿನ ಮೇಲೆ ಕೂತಿದ್ದರು. ಆಮೇಲೆ ದನದ ಡಾಕ್ಟರನ್ನು ತಾವೇ ಕರೆತಂದು ಪಕ್ಕದ ಮನೆಗೆ ಬಿಟ್ಟರು. ಎಮ್ಮೆ ಬದುಕಿತು, ಹಾಲು ಮಾತ್ರ ಬತ್ತಿಹೋಯಿತು.

ಹತ್ತಿ ವರ್ತಕರೊಬ್ಬರು ತಮ್ಮ ಅಂಡಿಗೆಗಳಿಗೆ, ಹತ್ತಿಯ ದೊಡ್ಡ ಮೂಟೆಗಳಿಗೆ, ಹೊದಿಸುತ್ತಿದ್ದ ತಾಡಪಾಲನ್ನು ಕಳಿಸಿಕೊಟ್ಟರು. ಅದನ್ನು ಗೋಡೆಯಿಂದ ಗೋಡೆಗೆ ಕಟ್ಟಿ ಅದರ ಕೆಳಗೆ ಸಂಸಾರ ಮಾಡಿದೆವು. ಊರಿನವರು ಬಂದು ನೋಡಿ ಹೋಗುತ್ತಿದ್ದರು. ಅರ್ಧ ಮರುಕ, ಅರ್ಧ ಕುತೂಹಲ. “ಏಜೆಂಟ್ರಿಗೇನು, ಅವರ ಕಂಪನಿ ಐತಲ್ಲ” ಎನ್ನುತ್ತಿದ್ದರು. ಮಾವನವರಿಗೂ ಆ ಧೈರ್ಯವಿತ್ತೆಂದು ಕಾಣುತ್ತದೆ.

ಹುಬ್ಬಳ್ಳಿಯಿಂದ ಸರ್ವೇಯರ್ ಬಂದರು. ಎಳೆಯ ವಯಸ್ಸು, ಇಸ್ತ್ರಿ ಮಾಡಿದ ಪ್ಯಾಂಟು. ಟೇಪು ಹಿಡಿದು ಗೋಡೆ ಅಳೆದರು. ಒಂದು ತಗಡನ್ನು ಕಾಲಿನಿಂದ ಮಗುಚಿ ಕೆಳಭಾಗ ನೋಡಿದರು. ಅಲ್ಲಲ್ಲಿ ತುಕ್ಕಿತ್ತು. ನಾನೂ ಅತ್ತೆಯೂ ಅಡುಗೆಮನೆಯ ಬಾಗಿಲ ಹಿಂದೆ ನಿಂತು ಕೇಳುತ್ತಿದ್ದೆವು.

“ಈ ಶೀಟ್ ಯಾವಾಗ ಹಾಕ್ಸಿದ್ದು?”

“ಮನಿ ಕಟ್ಟಿಸಿದಾಗ.”

“ಆಮೇಲೆ ಮೊಳೆ ಬದ್ಲಿ ಮಾಡ್ಸೀರೇನು?”

“ಇಲ್ಲ.”

“ಬಣ್ಣ?”

“ಅದೂ ಇಲ್ಲ.”

ಅತ್ತೆ ನನ್ನ ಕೈ ಹಿಡಿದುಕೊಂಡಿದ್ದರು. ಪ್ರತಿ ಉತ್ತರಕ್ಕೂ ಹಿಡಿತ ಬಿಗಿಯಾಗುತ್ತಿತ್ತು. ಪಕ್ಕದ ಮನೆಯಾಕೆ ಕಣ್ಣಾರೆ ನೋಡಿದ್ದಾಳೆ, ಬೇಕಾದರೆ ಕೇಳಿ ಎಂದು ಮಾವನವರು ಹೇಳಿದರು. ಅದರ ಅವಶ್ಯಕತೆ ಇಲ್ಲ ಎಂದು ಸರ್ವೇಯರ್ ಗಡಿಯಾರ ನೋಡಿಕೊಂಡರು. ಅವರಿಗೆ ರೈಲಿನ ಹೊತ್ತಾಗಿತ್ತು.

ಅವರು ಹೋದ ಮೇಲೆ ಅತ್ತೆ ಹೊರಗೆ ಬಂದರು. “ಹೋದ ದೀಪಾವಳಿಗೆ ಬಣ್ಣ ಹೊಡಿಸೀನಿ ಅಂದಿದ್ರ ನಿಮ್ಮ ನಾಲಿಗಿ ಬಿದ್ದು ಹೋಗ್ತಿತ್ತಾ?”

ಸಂಜೆ ನನ್ನ ಗಂಡನೂ ಅದನ್ನೇ ಬೇರೆ ಮಾತಿನಲ್ಲಿ ಕೇಳಿದರು. ಮಾವನವರು ಊಟಕ್ಕೆ ಕೂತಿದ್ದರು. “ಸರ್ವೇಯರ್ ಮುಂದೆ ಸುಳ್ಳು ಹೇಳಬ್ಯಾಡ್ರಿ ಅಂತ ಎಲ್ಲಾರಿಗೂ ಹೇಳಿ ಬಂದೋನು ನಾನು. ಗಿರಣಿಯವರಿಗೆ ಹೇಳೀನಿ, ಗೋದಾಮಿನವರಿಗೆ ಹೇಳೀನಿ. ಈಗ ನನ್ನ ಮನಿ ಅಂತ ಬ್ಯಾರೆ ಹೇಳಲೇನು?” ಎಂದರು. ಆಮೇಲೆ ಮೊಸರು ಕೇಳಿದರು. ಆ ವಿಷಯ ಅಲ್ಲಿಗೆ ನಿಂತಿತು.

ಆಷಾಢಕ್ಕೆ ನಾನು ತವರಿಗೆ, ಹರಿಹರಕ್ಕೆ ಹೋದೆ. ಹೊಳೆಯ ಕಡೆಯ ಬೀದಿಯಲ್ಲಿ ನಮ್ಮ ಮನೆ. ಹೇಗೂ ಬಾಣಂತನಕ್ಕೆ ಬರಬೇಕಾದವಳು, ತಾಡಪಾಲಿನ ಕೆಳಗೆ ಯಾಕೆ ಇರಬೇಕು ಎಂದು ನಮ್ಮಪ್ಪ ಬಂದು ಕರೆದುಕೊಂಡು ಹೋದರು. ಕಂಪನಿಯ ಉತ್ತರ ಬಂದದ್ದು ಆಗ. ಅದನ್ನು ತಿಳಿಸಲು ಮಾವನವರೇ ರೈಲಿನಲ್ಲಿ ಬಂದರು. ಜಗಲಿಯ ಮೇಲೆ ಕೂತು, ನೀರು ಕುಡಿದು, ನಮ್ಮಪ್ಪನ ಕಡೆ ನೋಡಿ ಹೇಳಿದರು, “ಆಗಲ್ಲ ಅಂತ ಬರೆದಾರ. ಗಾಳಿಯಿಂದ ಅಲ್ಲ, ಹಳೇದಾಗಿ ಸವೆದು ಹೋಗಿತ್ತು, ಮೊಳೆ ಹಿಡಿಲಿಲ್ಲ ಅಂತ. ಸವೆತಕ್ಕೆ ವಿಮಾ ಇಲ್ಲ.”

“ನಿಮ್ಮ ಕಂಪನಿನೇ ಹಿಂಗ ಮಾಡಿದ್ರ ಹೆಂಗ್ರಿ?” ಎಂದರು ನಮ್ಮಪ್ಪ.

“ಸವೆತಕ್ಕೆ ಇಲ್ಲ ಅಂತ ನಾನೇ ಎಷ್ಟೋ ಮಂದಿಗೆ ಹೇಳೀನಿ. ಮಾತು ಖರೆ ಐತೆ. ಆದ್ರ ನಮ್ಮದು ಸವೆತ ಅಲ್ಲ.”

ನಾನು ಒಳಗಿನಿಂದ ನೋಡುತ್ತಿದ್ದೆ. ಯಾವಾಗಲೂ ಇನ್ನೊಬ್ಬರ ಜಗಲಿಯ ಮೇಲೆ ಕೂತು ಸಮಾಧಾನ ಹೇಳುತ್ತಿದ್ದ ಮನುಷ್ಯ. ಈಗ ಸಮಾಧಾನ ಹೇಳಿಸಿಕೊಳ್ಳುವ ಜಾಗದಲ್ಲಿ ಅವರಿಗೆ ಕೂತು ಅಭ್ಯಾಸವಿರಲಿಲ್ಲ. ಕೋಟಿನ ಗುಂಡಿ ಹಾಕುತ್ತ ತೆಗೆಯುತ್ತ ಇದ್ದರು. ಕಂಪನಿಗೆ ಮತ್ತೆ ಬರೆದರು. ಅದೇ ಉತ್ತರ ಬಂತು.

ಶ್ರಾವಣದಲ್ಲಿ ನನಗೆ ಹೆಣ್ಣು ಮಗು ಹುಟ್ಟಿತು. ಹೊಳೆ ತುಂಬಿ ಹರಿಯುತ್ತಿದ್ದ ದಿನಗಳು. ಅತ್ತೆ ಬಂದು ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು ಎಣ್ಣೆ ತಿಕ್ಕಿದರು. ಮೂಗು ಯಾರದು, ಕಿವಿ ಯಾರದು ಎಂದು ಮಾತಾಡಿದರು. ಹೋಗುವಾಗ ನಮ್ಮ ತಾಯಿಯ ಮುಂದೆ ಹೇಳಿದರು, “ಸೂರು ಆಗೋವರೆಗೂ ಕೂಸಿನ್ನ ಕರ್ಕೊಂಡು ಹೋಗಲ್ಲರಿ. ಮ್ಯಾಲೆ ಏನೂ ಇಲ್ಲದ ಮನಿಗೆ ಹೆಂಗೆ ಒಯ್ಯಲಿ?” ಹೆರಿಗೆಗೆ ಬಂದ ಮಗಳು ತಿಂಗಳುಗಟ್ಟಲೆ ತವರಿನಲ್ಲೇ ಉಳಿದರೆ ಬೀದಿಯವರು ಕೇಳುತ್ತಾರೆ. ನಮ್ಮ ತಾಯಿ ಏನೇನೋ ಉತ್ತರ ಕೊಡುತ್ತಿದ್ದಳು. ನನ್ನ ಗಂಡ ಕಾರ್ಖಾನೆಯ ಕೆಲಸ ಮುಗಿದ ಮೇಲೆ ದಿನವೂ ಒಂದು ಗಳಿಗೆ ಬಂದು ಮಗುವನ್ನು ಎತ್ತಿಕೊಂಡು, ಸಂಜೆಯ ರೈಲಿಗೆ ದಾವಣಗೆರೆಗೆ ಓಡುತ್ತಿದ್ದರು. ಸ್ವಂತ ಮಗುವಿನ ಮನೆಗೆ ಅವರು ನೆಂಟರಂತೆ ಬಂದು ಹೋಗುವುದು ನನಗೆ ವಿಚಿತ್ರವಾಗಿ ಕಾಣುತ್ತಿತ್ತು.

ಆ ದಿನಗಳಲ್ಲಿ ದಾವಣಗೆರೆಯಲ್ಲಿ ನಡೆದದ್ದನ್ನು ನಾನು ನನ್ನ ಗಂಡನ ಬಾಯಿಂದಲೇ ಕೇಳಿದ್ದು. ದೀಪಾವಳಿ ಕಳೆದು ಹೊಸ ಹತ್ತಿ ಪೇಟೆಗೆ ಬರುವ ಹೊತ್ತಿಗೆ ಗೋದಾಮುಗಳ ವಿಮೆ ಹೊಸದಾಗಬೇಕಿತ್ತು. ಪ್ರತಿವರ್ಷ ಮಾವನವರು ಚೀಲ ಕಟ್ಟಿಕೊಂಡು ಅಂಗಡಿಯಿಂದ ಅಂಗಡಿಗೆ ಸುತ್ತುವ ಕಾಲ ಅದು. ಆ ವರ್ಷ ಅವರು ಮನೆಯಿಂದ ಹೊರಡಲೇ ಇಲ್ಲ. ವರ್ತಕರು ಕಾದು ನೋಡಿ, ಕೊನೆಗೆ ತಾವೇ ಮನೆಗೆ ಬಂದರು. ಮಾವನವರು ಅವರನ್ನು ತಾಡಪಾಲಿನ ಕೆಳಗೆ ಚಾಪೆ ಹಾಸಿ ಕೂಡಿಸಿದರು.

“ಕಟ್ರಿ ಅಂತಾನೂ ಹೇಳಲ್ಲ, ಬ್ಯಾಡ ಅಂತಾನೂ ಹೇಳಲ್ಲ. ನನ್ನ ಮನಿ ಪರಿಹಾರನೇ ಇನ್ನೂ ಬಂದಿಲ್ಲ. ಮ್ಯಾಲೆ ನೋಡ್ರಿ. ನೋಡಿ ನೀವೇ ವಿಚಾರ ಮಾಡ್ರಿ” ಎಂದು ಎಲ್ಲರಿಗೂ ಒಂದೇ ಮಾತು ಹೇಳಿದರಂತೆ. ವರ್ತಕರು ಮೇಲೆ ನೋಡಿದರು. ತಾಡಪಾಲಿಗೆ ಆಗಲೇ ಅಲ್ಲಲ್ಲಿ ತೂತು ಬಿದ್ದಿತ್ತು. ಕೆಲವರು ಇನ್ನೊಂದು ಕಂಪನಿಯ ಏಜೆಂಟರನ್ನು ಹುಡುಕಿಕೊಂಡು ಹೋದರು. ಬಹಳ ಮಂದಿ ತಡೆದು ನೋಡೋಣ ಎಂದರು.

ಕಂಪನಿಯ ಇನ್ಸ್‌ಪೆಕ್ಟರು ಕಾರಿನಲ್ಲಿ ಬಂದರು. “ಏನ್ ಏಜೆಂಟ್ರೇ, ಬಿಸಿನೆಸ್ ತಡೀತಿದ್ದೀರಂತೆ?” ಎಂದರು.

“ನಾನು ತಡೆದಿಲ್ಲ. ಕೇಳಿದವರಿಗೆ ಇದ್ದದ್ದು ಹೇಳೀನಿ. ಕೂಡ್ರಿ, ಚಹಾ ತಗೊಳ್ರಿ.”

ಇನ್ಸ್‌ಪೆಕ್ಟರು ಚಾಪೆಯ ಮೇಲೆ ಕೂರಲಿಲ್ಲ. ಆದರೆ ಸ್ವಲ್ಪ ದಿನದಲ್ಲೇ ಇನ್ನೊಬ್ಬ ಸರ್ವೇಯರ್ ಬರುತ್ತಾರೆ, ಗಾಳಿ ಬಂದ ದಿನ ಮನೆಯಲ್ಲಿದ್ದವರೆಲ್ಲ ಇರಬೇಕು ಎಂದು ಸುದ್ದಿ ಬಂತು. ಹಾಗಾಗಿ ನಾನು ಮಗುವನ್ನು ಕಟ್ಟಿಕೊಂಡು, ನಮ್ಮಪ್ಪನ ಜೊತೆ ಬೆಳಗಿನ ರೈಲಿನಲ್ಲಿ ದಾವಣಗೆರೆಗೆ ಬಂದೆ.

ಮನೆ ನೋಡಿ ಗುರುತು ಹತ್ತಲಿಲ್ಲ. ಮಳೆಗಾಲದ ನೀರು ಇಳಿದು ನಡುಮನೆಯ ಗೋಡೆಗಳು ಕಪ್ಪು ಪಟ್ಟೆ ಪಟ್ಟೆಯಾಗಿದ್ದವು. ಮೂಲೆಯಲ್ಲಿ ಹುಲ್ಲು ಮೊಳೆತಿತ್ತು. ಅತ್ತೆ ಮಗುವನ್ನು ಎತ್ತಿಕೊಂಡು ಹೊಸಿಲಲ್ಲೇ ನಿಂತುಬಿಟ್ಟರು. ಒಳಗೆ ಒಯ್ಯಲು ಅವರಿಗೆ ಮನಸ್ಸಿಲ್ಲ, ಹೊರಗೆ ಬಿಸಿಲು. ಆಗ ಪಕ್ಕದ ಗೋಡೆಯ ಆಚೆಯಿಂದ ಹಾಲಿನಾಕೆ ಕರೆದಳು.

“ಕೂಸಿನ್ನ ಇಲ್ಲಿ ತರ್ರಿ. ತೊಟ್ಟಿಲು ಕಟ್ಟೀನಿ.”

ಅತ್ತೆಯ ಜೊತೆ ಮಾತು ಬಿಟ್ಟ ಮೇಲೆ ಅವಳು ಆಡಿದ ಮೊದಲ ಮಾತು ಅದು. ಅತ್ತೆ ಮಗುವನ್ನು ಅವಳ ಕೈಗೆ ಕೊಟ್ಟರು. ಅವಳ ಪಡಸಾಲೆಯಲ್ಲಿ ಹಳೆಯ ಸೀರೆಯ ಜೋಲಿ ಕಟ್ಟಿತ್ತು. ಮಗು ಹಾಲು ಕುಡಿದು ಅದರಲ್ಲಿ ನಿದ್ದೆ ಹೋಯಿತು.

ಈ ಸಲ ಬಂದ ಸರ್ವೇಯರ್ ಬೆಂಗಳೂರಿನವರು, ವಯಸ್ಸಾದವರು. ಅವರಿಗೆ ಅವಸರವಿರಲಿಲ್ಲ. ಮೊದಲು ಅತ್ತೆಯನ್ನು, ಆಮೇಲೆ ನನ್ನನ್ನು ಕೇಳಿದರು. ಕಂಡದ್ದನ್ನು ಹೇಳಿದೆವು. ಬೆಳಕು ಬಿದ್ದದ್ದನ್ನೂ ಹೇಳಿದೆ. ಅದು ಯಾಕೆ ಬೇಕಿತ್ತೋ, ಅವರು ತಲೆದೂಗಿದರು. ಹೊರಗೆ ನಿಂತು ನೋಡಿದವರು ಯಾರಾದರೂ ಇದ್ದಾರೆಯೇ ಎಂದು ಕೇಳಿದರು. ಮಾವನವರು ಪಕ್ಕದ ಮನೆಯತ್ತ ಕೈ ತೋರಿಸಿದರು.

ನಮಗೆಲ್ಲ ಗೊತ್ತಿದ್ದ ಒಂದು ವಿಷಯ ಸರ್ವೇಯರಿಗೆ ಗೊತ್ತಿರಲಿಲ್ಲ. ಎಮ್ಮೆಯ ಹಾಲು ಬತ್ತಿದ ಮೇಲೆ ಆ ಹೆಂಗಸು ಬಹಳ ಕಷ್ಟಪಟ್ಟಿದ್ದಳು. ವಿಮೆ ನಿಮ್ಮ ಎಮ್ಮೆಯವರೆಗೂ ಬರುವುದಿಲ್ಲ ಎಂದು ಮಾವನವರು ಆಗಲೇ ಅವಳಿಗೆ ಹೇಳಿದ್ದರು. ಕೋರ್ಟಿನಲ್ಲಿ ಓಡಾಡುವ ಯಾರೋ ಅವಳ ಕಿವಿಗೆ ಇನ್ನೊಂದು ಮಾತು ಹಾಕಿದ್ದರು: ತಗಡು ಸಡಿಲಾಗಿತ್ತು, ಹೇಳಿದರೂ ಸರಿಮಾಡಿಸಲಿಲ್ಲ ಎಂದರೆ ಏಜೆಂಟರಿಂದಲೇ ಪರಿಹಾರ ವಸೂಲು ಮಾಡಬಹುದು. ಅವಳು ಹಾಗೆಂದರೆ ನಮ್ಮ ವಿಮೆಯ ಕಥೆ ಮುಗಿದಂತೆ. ಬರೀ ಗಾಳಿ ಎಂದರೆ ಅವಳಿಗೆ ಯಾರಿಂದಲೂ ಏನೂ ದಕ್ಕುವುದಿಲ್ಲ. ಅವಳನ್ನು ಮೊದಲೇ ಕಂಡು ಮಾತಾಡಿ ಎಂದು ಮನೆಯಲ್ಲಿ ಎಲ್ಲರೂ ಹೇಳಿದ್ದರು. ಸಾಕ್ಷಿ ಹೇಳುವವರ ಮನೆಗೆ ಹೋಗುವ ಪದ್ಧತಿ ತನಗಿಲ್ಲ ಎಂದು ಮಾವನವರು ಒಪ್ಪಿರಲಿಲ್ಲ.

ಸರ್ವೇಯರ್ ಅವಳ ಮನೆಯ ಕಲ್ಲುಕಟ್ಟೆಯ ಮೇಲೆ ಕೂತರು. ನಾನು ಜೋಲಿಯ ಪಕ್ಕದಲ್ಲಿದ್ದೆ. ಅತ್ತೆ ಗೋಡೆಯ ಆ ಕಡೆ ನಿಂತಿದ್ದು ಕಾಣುತ್ತಿತ್ತು.

“ಅವರ ಮನೆಯ ಶೀಟು ಮೊದಲೇ ಅಲ್ಲಾಡ್ತಿತ್ತಾ ತಾಯಿ?”

“ಅಲ್ಲಾಡ್ತಿತ್ತು. ಬಡ್ಕೊಳ್ತಿತ್ತು. ನಂಗ ನಿದ್ದಿ ಇರ್ತಿರಲಿಲ್ಲ. ಎಷ್ಟು ಸಲ ಹೇಳೀನಿ ಕೇಳ್ರಿ ಅವರನ್ನ.”

ಸರ್ವೇಯರ್ ಬರೆದುಕೊಂಡರು. ಮಾವನವರು ನೆಲ ನೋಡುತ್ತ ನಿಂತಿದ್ದರು.

“ಹಾರಿಹೋಗಿದ್ದು ಅದೇನಾ?”

ಮಗು ಮುಲುಗಿತು, ಅವಳು ಜೋಲಿಯನ್ನು ಒಮ್ಮೆ ತೂಗಿದಳು. “ಅಲ್ಲ. ಬಡ್ಕೊಳ್ಳೋದು ಹಿಂದಿಂದು, ಅಡಿಗಿಮನಿ ಮ್ಯಾಲಿಂದು. ಅದು ಇನ್ನೂ ಅಲ್ಲೇ ಐತೆ ಹೋಗಿ ನೋಡ್ರಿ. ಹಾರಿದ್ದು ಮುಂದಿನವು. ಅವು ಯಾವತ್ತೂ ಸಪ್ಪಳ ಮಾಡಿದ್ದಿಲ್ಲ.”

“ನಿಮ್ಮ ಎಮ್ಮೆಗೆ ಪೆಟ್ಟಾಯ್ತಲ್ಲ. ಅವರು ಸರಿಯಾಗಿ ನೋಡ್ಕೊಂಡಿರಲಿಲ್ಲ ಅಂದ್ರೆ ನೀವು ಅವರನ್ನ ಪರಿಹಾರ ಕೇಳಬಹುದು. ಗೊತ್ತಾ?”

“ಗೊತ್ತೈತೆ. ಹೇಳಿಕೊಟ್ಟೋರೂ ಅದಾರ.” ಅವಳು ಅಂಗಳದ ಬೇವಿನ ಮರ ತೋರಿಸಿದಳು. ಅದರ ಒಂದು ದೊಡ್ಡ ಟೊಂಗೆ ಇದ್ದ ಕಡೆ ಬರಿಯ ಗಾಯದ ಗುರುತಿತ್ತು. “ನಾ ಎಮ್ಮಿ ಬಿಚ್ಚಾಕ ಇಲ್ಲೇ ನಿಂತಿದ್ದೆ. ಮೊದ್ಲು ಆ ಟೊಂಗಿ ಮುರೀತು, ಆಮ್ಯಾಲೆ ತಗಡು ಎದ್ದವು. ಮರಕ್ಕೂ ಮೊಳಿ ಸರಿಯಾಗಿ ಬಡಿದಿರಲಿಲ್ಲ ಅಂತ ಬರ್ಕೊಂತೀರೇನು?”

ಸರ್ವೇಯರ್ ನಕ್ಕರು. ಎದ್ದು ಬಂದು ಏಣಿ ಕೇಳಿದರು. ಆ ವಯಸ್ಸಿನಲ್ಲಿ ತಾವೇ ಹತ್ತಿ ಅಡುಗೆಮನೆಯ ತಗಡನ್ನು ಕೈಯಿಂದ ಅಲ್ಲಾಡಿಸಿದರು. ಅದು ಹೇಳಿದಂತೆಯೇ ಬಡಿದುಕೊಂಡಿತು. ಇಳಿದು ಬಂದು, ಮಾವನವರು ಯಾರಿಗೂ ಮುಟ್ಟಗೊಡದೆ ಇಟ್ಟಿದ್ದ ಮುರಿದ ರೀಪುಗಳನ್ನು ಒಂದೊಂದಾಗಿ ಬೆಳಕಿಗೆ ಹಿಡಿದು ನೋಡಿದರು. ಮೊಳೆಗಳು ಇನ್ನೂ ಕಟ್ಟಿಗೆಯಲ್ಲೇ ಇದ್ದವು. ಕಟ್ಟಿಗೆ ಸೀಳಿತ್ತು, ಮೊಳೆ ಬಿಟ್ಟಿರಲಿಲ್ಲ.

“ಹಿಂದೆ ಬಂದವರು ಇದನ್ನ ನೋಡಿದ್ರಾ?” ಎಂದರು.

“ಅವರಿಗೆ ರೈಲಿತ್ತು” ಎಂದರು ಮಾವನವರು.

ಕಂಪನಿ ಒಪ್ಪಿತು. ಆದರೆ ಅದರಲ್ಲೂ ಒಂದು ತಿರುವಿತ್ತು. ದುಡ್ಡು ಕೊಡುವ ಬದಲು ತಾನೇ ಚಾವಣಿ ಹಾಕಿಸಿಕೊಡುವ ಹಕ್ಕು ಕಂಪನಿಗೆ ಇರುತ್ತದಂತೆ. ಅದನ್ನು ಬಳಸಿಕೊಳ್ಳುತ್ತೇವೆ ಎಂದರು. ತಗಡು ಕೊಳ್ಳಲು ಆಗ ಸರ್ಕಾರದ ಪರ್ಮಿಟ್ಟು ಬೇಕಿತ್ತು. ಕಂಪನಿಯವರು ಕೇಳಿದರೂ ಸಿಗಲಿಲ್ಲ. ಕೊನೆಗೆ ಹರಿಹರದ ಹೊಳೆ ದಂಡೆಯಲ್ಲಿದ್ದ ಒಂದು ಕಾರ್ಖಾನೆಯ ಹೆಂಚು ಹಾಕುವುದೆಂದು ತೀರ್ಮಾನವಾಯಿತು. ಹೆಂಚಿನ ಭಾರಕ್ಕೆ ಹೆಚ್ಚಿನ ಮರ ಬೇಕು, ಅದು ಹಿಂದೆ ಇರಲಿಲ್ಲವಾದ್ದರಿಂದ ತನ್ನ ಲೆಕ್ಕಕ್ಕೆ ಬರದು ಎಂದು ಕಂಪನಿ ಹೇಳಿತು. ಮಾವನವರು ಜಗಳವಾಡಲಿಲ್ಲ. ಅದು ನ್ಯಾಯವೇ ಎಂದು ಮರದ ಖರ್ಚು ತಾವು ಹೊತ್ತರು.

ನಾನು ಮಗುವಿನೊಂದಿಗೆ ಮತ್ತೆ ತವರಿಗೆ ಹೋಗಿದ್ದೆ. ಆಮೇಲೆ ಮಾವನವರು ಮೇಲಿಂದ ಮೇಲೆ ಹರಿಹರಕ್ಕೆ ಬರತೊಡಗಿದರು. ಬೆಳಿಗ್ಗೆ ಮಗನ ಜೊತೆಗೇ ರೈಲು ಹತ್ತಿ ಬಂದು, ಹೆಂಚಿನ ಕಾರ್ಖಾನೆಗೆ ಹೋಗಿ, ಗಾಡಿಗೆ ಹೇರುವ ಹೆಂಚನ್ನು ಬೆರಳಿನಿಂದ ತಟ್ಟಿ ಸದ್ದು ಕೇಳಿ ಆರಿಸುತ್ತಿದ್ದರು. ಒಡಕು ಸದ್ದಿನದನ್ನು ಪಕ್ಕಕ್ಕಿಡುತ್ತಿದ್ದರು. ಕಾರ್ಖಾನೆಯವರು ಬೇಸತ್ತು ಅವರಿಗೊಂದು ಸ್ಟೂಲು ಕೊಟ್ಟರಂತೆ. ಮಧ್ಯಾಹ್ನ ನಮ್ಮ ಮನೆಗೆ ಊಟಕ್ಕೆ ಬರುತ್ತಿದ್ದರು. ಕೈಯೆಲ್ಲ ಕೆಂಪು ಧೂಳು. ತೊಳೆದುಕೊಂಡು ಬಂದು ಮಗುವಿನ ಕೆನ್ನೆ ಮುಟ್ಟುತ್ತಿದ್ದರು. ಮಗುವಿಗೂ ಆ ಕಪ್ಪು ಕೋಟಿನ ಗುರುತು ಹತ್ತಿ, ಕಂಡ ಕೂಡಲೇ ಕೈ ಚಾಚುತ್ತಿತ್ತು.

ಹಳೆಯ ತಗಡುಗಳ ಮೇಲೆ ಒಂದು ಸಣ್ಣ ಚರ್ಚೆ ನಡೆಯಿತು. ನಷ್ಟ ತುಂಬಿಕೊಟ್ಟ ಮೇಲೆ ಅಳಿದುಳಿದ ಸಾಮಾನು ಕಂಪನಿಗೆ ಸೇರಬೇಕು, ಅದು ನಿಯಮ. ಇನ್ಸ್‌ಪೆಕ್ಟರು ಅದನ್ನು ನೆನಪಿಸಿದರು.

“ಒಯ್ಯಿರಿ. ಆದ್ರ ಮೊದಲಿನ ಸರ್ವೇಯರು ಇವು ಯಾತಕ್ಕೂ ಬರಲ್ಲ ಅಂತ ಬರೆದಾರಲ್ಲ. ಬಾರದ್ದನ್ನ ಹುಬ್ಬಳ್ಳಿ ತನಕ ಹೊತ್ಕೊಂಡು ಹೋಗ್ತೀರಾ?” ಎಂದು ಮಾವನವರು ಕೇಳಿದರು.

ಇನ್ಸ್‌ಪೆಕ್ಟರು ಯೋಚಿಸಿ, ಬೇಡ ಎಂದರು. ಅಡುಗೆಮನೆಗೂ ತಮ್ಮ ಖರ್ಚಿನಲ್ಲಿ ಹೆಂಚು ಹಾಕಿಸಿ, ಅಲ್ಲಿಯ ತಗಡನ್ನೂ ಸೇರಿಸಿ ಎಲ್ಲವನ್ನೂ ಮಾವನವರು ಹಾಲಿನಾಕೆಯ ಅಂಗಳಕ್ಕೆ ಹಾಕಿಸಿದರು. ಅವಳ ದನದ ಕೊಟ್ಟಿಗೆಗೆ ಅದುವರೆಗೂ ಸೋಗೆ ಹೊದಿಸಿತ್ತು. ಹೊಸ ಮೊಳೆ ಬಡಿಸಿ ತಗಡು ಹಾಕಿಸಿಕೊಟ್ಟರು. ಅವಳು ಅದಕ್ಕೆ ಕೃತಜ್ಞತೆ ಹೇಳಿದ್ದನ್ನು ನಾನು ಕೇಳಲಿಲ್ಲ. ಎಮ್ಮೆ ಮತ್ತೆ ಕರು ಹಾಕುವವರೆಗೆ ಅವಳು ನಮ್ಮ ಮನೆಯಲ್ಲೇ ರೊಟ್ಟಿ ತಟ್ಟುವ ಕೆಲಸಕ್ಕೆ ಬಂದಳು. ಅತ್ತೆಯೇ ಕರೆದರು. ಹಳೆಯ ಜಗಳದ ಮಾತು ಇಬ್ಬರೂ ಎತ್ತಲಿಲ್ಲ.

ಸಂಕ್ರಾಂತಿ ಕಳೆದ ಮೇಲೆ ನನ್ನನ್ನು ಕರೆಸಿಕೊಂಡರು. ಅತ್ತೆ ಆರತಿ ಎತ್ತಿ ಮಗುವನ್ನು ಒಳಗೆ ತೆಗೆದುಕೊಂಡರು. ಹೊಸ ಮರದ ವಾಸನೆ, ಸುಣ್ಣದ ವಾಸನೆ. ನಡುಮನೆಯ ಮೇಲೆ ಮಾವನವರು ಒಂದು ಗಾಜಿನ ಹೆಂಚು ಹಾಕಿಸಿದ್ದರು. ಅದು ಕಂಪನಿಯ ಲೆಕ್ಕದಲ್ಲಿರಲಿಲ್ಲ, ಕಾರ್ಖಾನೆಯವರು ಸುಮ್ಮನೆ ಕೊಟ್ಟದ್ದಂತೆ. ಚಾಪೆಯ ಮೇಲೆ ಮಲಗಿಸಿದರೆ ಮಗು ಆ ಬೆಳಕಿನ ಚೌಕವನ್ನೇ ನೋಡುತ್ತ ಕಾಲು ಬಡಿಯುತ್ತಿತ್ತು.

ಹತ್ತಿ ವರ್ತಕರಲ್ಲಿ ಹೋದವರು ಕೆಲವರು ತಿರುಗಿ ಬಂದರು, ಕೆಲವರು ಬರಲಿಲ್ಲ. ಮಾವನವರು ಮತ್ತೆ ಸೈಕಲ್ ಏರಿದರು. ಆದರೆ ವಿಮೆ ಮಾರುವ ರೀತಿ ಬೇರೆಯಾಗಿತ್ತು. ಮೊದಲೆಲ್ಲ ಬೆಂಕಿ ಬಿದ್ದರೆ ಏನೇನು ಸಿಗುತ್ತದೆ ಎಂದು ಶುರುಮಾಡುತ್ತಿದ್ದರು. ಈಗ ಏನು ಸಿಗುವುದಿಲ್ಲ ಎಂಬುದರಿಂದ ಶುರುಮಾಡುತ್ತಿದ್ದರು. “ಇದು ಯಾತಕ್ಕೆ ಕೊಡಲ್ಲ ಅಂತ ಮೊದ್ಲು ಕೇಳ್ಕೊಳ್ರಿ” ಎಂದು ಗಿರಣಿಯವರನ್ನು ಅವರದೇ ಗೋದಾಮಿನ ಸುತ್ತ ಕರೆದುಕೊಂಡು ಹೋಗಿ, ಸಡಿಲಾದ ತಗಡು, ತೆರೆದ ವೈರು, ಬಾಗಿಲ ಬಳಿ ರಾಶಿ ಬಿದ್ದ ಹತ್ತಿಬೀಜ ತೋರಿಸುತ್ತಿದ್ದರು. ಹೀಗೆ ಮಾಡಿದರೆ ಯಾರು ಕಟ್ಟುತ್ತಾರೆ ಎಂದು ಇನ್ಸ್‌ಪೆಕ್ಟರು ಗೊಣಗಿದರು. ವ್ಯಾಪಾರ ಸ್ವಲ್ಪ ಕಡಿಮೆಯಾದದ್ದೂ ನಿಜ. ಮಾವನವರು ಅದಕ್ಕೆ ಹೊಂದಿಕೊಂಡರು, ನಾವೂ ಹೊಂದಿಕೊಂಡೆವು.

ಒಂದು ಮಧ್ಯಾಹ್ನ ಅವರು ಊಟಕ್ಕೆ ಬಂದಾಗ ಅತ್ತೆ ಇದ್ದಕ್ಕಿದ್ದಂತೆ, “ಈ ಮನಿದು ವಿಮಾ ಈ ವರ್ಷ ಕಟ್ಟೀರೇನು?” ಎಂದು ಕೇಳಿದರು.

“ಕಟ್ಟಿಲ್ಲ ಇನ್ನೂ. ಯಾಕ?”

“ಕಟ್ರಿ ಮತ್ತ” ಎಂದರು ಅತ್ತೆ, ಸಾರಿನ ಪಾತ್ರೆ ಅವರ ಮುಂದಿಡುತ್ತ.